ವಿಜಯಾ ಅತ್ಯಾ ಬರೆಸಿದ ಕ್ಲೈಮ್ಯಾಕ್ಸ್

ಮಗ ತನ್ನ ಕಾದಂಬರಿಯಲ್ಲಿ ತಾಯಿಯನ್ನು ಬಾವಿಗೆ ಹಾರಿಸಿದ್ದಾನೆ ಎಂದು ಗೊತ್ತಾದ ದಿನ ನಮ್ಮ ವಿಜಯಾ ಅತ್ಯಾ ಮಾಡಿದ ಮೊದಲ ಕೆಲಸವೆಂದರೆ ಹಿತ್ತಲಿಗೆ ಹೋಗಿ ಬಾವಿಯೊಳಗೆ ಇಣುಕಿ ನೋಡಿದ್ದು. ನೀರು ಮೊಣಕಾಲುದ್ದವೂ ಇರಲಿಲ್ಲ.

"ಇದರಾಗ ಹಾರಿದ್ರ ಕಾಲು ಉಳುಕ್ತದ, ಅಷ್ಟ. ಬರಿಯೋ ಮುಂದ ಒಮ್ಮೆ ಬಂದು ನೋಡಬೇಕಾಗಿತ್ತೋ ಬ್ಯಾಡೋ?" ಎಂದು ನನ್ನನ್ನು ಗದರಿಸಿದಳು. ಪುಸ್ತಕ ಬರೆದವನು ಮನೆಯಲ್ಲಿರಲಿಲ್ಲ. ಅದನ್ನು ಟೈಪ್ ಮಾಡಿಕೊಟ್ಟ ನಾನು ಎದುರಿಗೆ ಸಿಕ್ಕಿದ್ದೆ. ಬೈಸಿಕೊಳ್ಳಲು ನಮ್ಮ ಮನೆತನದಲ್ಲಿ ಅಷ್ಟು ಸಾಕು.

ಅತ್ಯಾ ಎಂದರೆ ನನ್ನ ಅಪ್ಪನ ತಂಗಿ, ವಿಜಯಾಬಾಯಿ. ಹುಟ್ಟಿದ್ದು ಗದ್ವಾಲದ ಅರ್ಚಕರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಮಕ್ತಲ್‌ಗೆ. ಗಂಡ ಸುಧೀಂದ್ರ ಮಾಮಾ ತಹಸೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತು, ಅವರು ಕಚೇರಿಯನ್ನು ಬಿಡಲಿಲ್ಲ. ಹಾಲಿನವನು ತಡಮಾಡಿದರೆ "ದರ್ಯಾಫ್ತ್ ಮಾಡಬೇಕು", ಅಂದರೆ ವಿಚಾರಣೆ ಆಗಬೇಕು, ಎನ್ನುತ್ತಾರೆ, ಸಾರಿಗೆ ಉಪ್ಪು ಕಡಿಮೆಯಾದರೆ "ಇದು ಕಾಯದಾ ಪ್ರಕಾರ ಸಾರಲ್ಲ" ಎನ್ನುತ್ತಾರೆ. ಉಳಿದಂತೆ ಪತ್ರಿಕೆಯ ಹಿಂದೆಯೇ ಇರುತ್ತಾರೆ. ಅವರ ಒಬ್ಬನೇ ಮಗ ಹರಿಕೃಷ್ಣ, ಕೃಷ್ಣಾ ಮಂಡಲದ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟ್ರು. ನಾನು ಪದ್ಮಶ್ರೀ, ನಾರಾಯಣಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಊರು ಕನ್ನಡದ ಗಡಿಗೆ ಹತ್ತಿದ್ದರೂ ರಾಜ್ಯ ತೆಲುಗಿನದು, ತೆಲುಗು ಲಗ್ನಪತ್ರಿಕೆಗಳ ಮಧ್ಯೆ ಅಪರೂಪಕ್ಕೊಂದು ಕನ್ನಡದ ಕೆಲಸ ಬಂದರೆ ಹಬ್ಬ. ಹಾಗಾಗಿ ಹರಿಯ ಕಾದಂಬರಿಯನ್ನು ಪುಕ್ಕಟೆ ಟೈಪ್ ಮಾಡಿದೆ.

ಅದರ ಹೆಸರು 'ಸೇತುವೆಯ ಮೇಲೆ ಬಸ್ಸು ಕೆಟ್ಟಾಗ'. ಕೃಷ್ಣಾ ನದಿಯ ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಲ್ಲುತ್ತದೆ. ಒಬ್ಬ ಮೇಷ್ಟ್ರು, ಒಬ್ಬ ಸೀರೆ ವ್ಯಾಪಾರಿ, ಇಬ್ಬರೂ ಗಂಡಸರು, ಬಿಸಿಲಿನಲ್ಲಿ ನಿಂತು ಮಾತಿಗೆ ಬೀಳುತ್ತಾರೆ. ಆಮೇಲೆ ಪ್ರೀತಿಗೂ ಬೀಳುತ್ತಾರೆ. ಮೇಷ್ಟ್ರ ತಾಯಿಗೆ ವಿಷಯ ತಿಳಿಯುತ್ತದೆ, ಬಾವಿಗೆ ಹಾರುತ್ತಾಳೆ, ಆ ಪಾಪ ಹೊತ್ತು ಇಬ್ಬರೂ ದೂರವಾಗುತ್ತಾರೆ. ಓದಿದವರೆಲ್ಲ ಅತ್ತರು. ಓದಿದವರು ಬಹಳ ಮಂದಿ ಇರಲಿಲ್ಲ ಎನ್ನುವುದು ಬೇರೆ ಮಾತು.

ಕಾದಂಬರಿಯ ಸೀರೆ ವ್ಯಾಪಾರಿ ಯಾರೆಂದು ತಿಳಿಯಲು ಯಾವ ವಿಮರ್ಶಕನೂ ಬೇಕಿರಲಿಲ್ಲ. ಗದ್ವಾಲದಲ್ಲಿ ಸೀರೆ ಅಂಗಡಿ ಇರುವ ಬಸವಪ್ರಸಾದ, ಲಿಂಗಾಯತರ ಹುಡುಗ, ಎಷ್ಟೋ ವರ್ಷಗಳಿಂದ ರವಿವಾರವೆಂದರೆ ಅತ್ಯಾನ ಮನೆಯಲ್ಲಿ ಹಾಜರು. ಕೆಟ್ಟ ಮಿಕ್ಸರ್ ಅವನೇ ರಿಪೇರಿ ಮಾಡುತ್ತಾನೆ, ಮಾಮಾನ ಕಣ್ಣಿನ ಪೊರೆ ತೆಗೆಸಲು ರಾಯಚೂರಿಗೆ ಕರೆದುಕೊಂಡು ಹೋದವನೂ ಅವನೇ. ಅತ್ಯಾ ಅವನಿಗೆಂದು ರವಿವಾರ ಹುಳಿಗೆ ಒಂದು ಮೆಣಸಿನಕಾಯಿ ಜಾಸ್ತಿ ಹಾಕುತ್ತಾಳೆ. ಮನೆಯ ಮಾತಿನಲ್ಲಿ ಅವನು 'ಹರಿಯ ಗೆಳೆಯ'. ಹರಿ ಒಂದಾದ ಮೇಲೊಂದು ಜಾತಕ ಬೇಡವೆಂದಾಗ ಅತ್ಯಾ ಸ್ವಲ್ಪ ದಿನ ಸಿಟ್ಟು ಮಾಡಿದಳು, ಆಮೇಲೆ ಒಂದು ದಿನ ಜಾತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದಳು. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಆಡದಿರುವುದರಲ್ಲಿ ನಮ್ಮವರು ಚೆನ್ನಾಗಿ ಪಳಗಿದ್ದಾರೆ.

ಅತ್ಯಾಗೆ ಬಂದ ಸಿಟ್ಟು ಆ ಇಬ್ಬರು ಗಂಡಸರ ಮೇಲಲ್ಲ ಎಂದು ನನಗೆ ತಿಳಿದದ್ದು ಅವಳು ಬಾವಿಯಿಂದ ತಿರುಗಿ ಬಂದು ಕಟ್ಟೆಯ ಮೇಲೆ ಕೂತಾಗ. "ಮನ್ಯಾಗ ಉಳ್ಳಾಗಡ್ಡಿ ಹೆಚ್ಚಂಗಿಲ್ಲ, ಆದರೂ ಇಂವ ಇಷ್ಟು ಅಳಿಸೋದು ಎಲ್ಲಿ ಕಲ್ತಾನ?" ಎಂದಳು. ಅತ್ಯಾ ಟೀವಿಯಲ್ಲಿ ಬರುವ ತೆಲುಗು ಕಾಮಿಡಿ ಸಿನಿಮಾಗಳನ್ನು ಬಿಟ್ಟು ಬೇರೇನೂ ನೋಡುವವಳಲ್ಲ. ಅಳುವ ಸಿನಿಮಾ ಬಂದರೆ ಪಾತ್ರೆ ತೊಳೆಯಲು ಎದ್ದುಹೋಗುತ್ತಾಳೆ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ದನಿ ಸಣ್ಣದು ಮಾಡಿ ಹೇಳಿದಳು: "ಪದ್ಮಾ, ನಾ ಹಿಂಗ ಮಾಡ್ತೀನಿ ಅಂತ ಅಂವಗ ಅನಸ್ತಲ್ಲ."

ಅವಳಿಗೆ ಆದ ನೋವು ಅದೇ. ಮಗ ತನ್ನನ್ನು ಇಷ್ಟೇ ಅರ್ಥ ಮಾಡಿಕೊಂಡನೇ ಎಂಬ ನೋವು. ನೇರವಾಗಿ ಅವನನ್ನೇ ಕೇಳು ಎಂದೆ. "ಏನಂತ ಕೇಳ್ಲಿ?" ಎಂದಳು.

ಹೀಗಿರುವಾಗ ಈ ವರ್ಷದ ಬೇಸಿಗೆಯಲ್ಲಿ ಹೈದರಾಬಾದಿನಿಂದ ರಜಿನಿ ಬಂದಳು. ತೆಲುಗು ಸಿನಿಮಾ ನಿರ್ದೇಶಕಿ, ಅಜ್ಜಿಯ ಊರು ನಾರಾಯಣಪೇಟೆ. ಆ ಅಜ್ಜಿಯಿಂದ ಕಲಿತ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಹಾಕಿ ಮಾತಾಡುತ್ತಾಳೆ. ಹರಿಯ ಕಾದಂಬರಿಯನ್ನು ಸಿನಿಮಾ ಮಾಡುವ ಆಸೆ ಅವಳಿಗೆ. ಅದೂ ಪ್ರಶಸ್ತಿಗೆ ಕಳಿಸುವ ಮೌನದ ಸಿನಿಮಾ ಅಲ್ಲ. ನಾರ್ವ, ಮಾನೋಪಾಡಿನಂಥ ಸುತ್ತಲಿನ ಊರುಗಳಿಂದ ಜನ ಟ್ರಾಕ್ಟರ್ ಹತ್ತಿ ಬಂದು ನೋಡುವಂಥದ್ದು, ಹಾಡು ಇರುವಂಥದ್ದು, ಹೊಟ್ಟೆ ಹಿಡಿದು ನಗುವಂಥದ್ದು.

ಪಡಸಾಲೆಯಲ್ಲಿ ಹರಿ, ಬಸವಪ್ರಸಾದ, ನಾನು ಕೂತಿದ್ದೆವು. ಮಾಮಾ ಪತ್ರಿಕೆಯ ಹಿಂದಿದ್ದರು. ರಜಿನಿ ತನ್ನ ಪಾಡು ಹೇಳಿಕೊಂಡಳು. "ಮೊದಲನೇ ಪ್ರೊಡ್ಯೂಸರ್ ಏನಂದ್ರು ಗೊತ್ತಾ? ಕತೆ ಬಂಗಾರಮ್ಮಾ, ಆ ಸೀರೆ ವ್ಯಾಪಾರೀನ ಮಾತ್ರ ಹುಡುಗಿ ಮಾಡಿಬಿಡು ಅಂದ್ರು. ಎರಡನೆಯವರು ಇಬ್ಬರೂ ಗಂಡಸರೇ ಇರಲಿ, ಲಾಸ್ಟಲ್ಲಿ ಇಬ್ಬರಿಗೂ ಒಂದೊಂದು ಹುಡುಗಿ ಕೊಟ್ಟು ಮದುವೆ ಮಾಡು ಅಂದ್ರು."

"ನನಗ ಎಂಥಾ ಹುಡಿಗೀನ ಕೊಡೋರಿದ್ರಂತ್ರೀ?" ಎಂದ ಬಸವಪ್ರಸಾದ. ಹರಿ ಅವನನ್ನು ದುರುಗುಟ್ಟಿ ನೋಡಿದ.

"ಮೂರನೆಯವರು ಒಪ್ಪಿದಾರೆ," ಎಂದಳು ರಜಿನಿ. "ಇಬ್ಬರೂ ಗಂಡಸರೇ, ಕೊನೆಗೆ ಇಬ್ಬರೂ ಒಂದಾಗ್ತಾರೆ. ಒಂದೇ ಕಂಡೀಷನ್. ತಾಯಿ ಒಪ್ಪಬೇಕು. ಫ್ಯಾಮಿಲಿ ಆಡಿಯನ್ಸಿಗೆ ತಾಯಿ ಒಪ್ಪಿದರೆ ಎಲ್ಲಾ ಓಕೆ."

ಹರಿ ತಲೆ ಅಲ್ಲಾಡಿಸಿದ. "ಹಂಗಾದ್ರ ನಾ ಸಹಿ ಹಾಕಂಗಿಲ್ಲ. ನಮ್ಮ ಕಡೆ ಯಾವ ತಾಯಿನೂ ಒಪ್ಪಂಗಿಲ್ಲ ರೀ. ಸುಳ್ಳು ತೋರಿಸಿದ್ರ ಜನ ನಗ್ತಾರ."

"ನಗಲಿ ಅಂತಾನೇ ಅಲ್ವಾ ನಾನು ತೆಗೀತಿರೋದು?"

"ನಗೋದು ಬ್ಯಾರೆ, ನಂಬೋದು ಬ್ಯಾರೆ."

ಅಷ್ಟು ಹೊತ್ತು ಅಡುಗೆಮನೆಯಿಂದ ಕೇಳಿಬರುತ್ತಿದ್ದ ಒನಕೆಯ ಸದ್ದು ನಿಂತಿತು. ಅತ್ಯಾ ಬಾಗಿಲಿಗೆ ಬಂದಳು, ಮೂಗಿನ ತುದಿಗೆಲ್ಲ ಅಕ್ಕಿಹಿಟ್ಟು. ಮಗನ ಕಡೆ ನೋಡದೆ ರಜಿನಿಯನ್ನು ಕೇಳಿದಳು: "ಆ ಒಪ್ಪೋ ತಾಯಿ ಏನಂತ ಒಪ್ತಾಳ?"

ರಜಿನಿ ಹುರುಪಿನಿಂದ ಲ್ಯಾಪ್‌ಟಾಪ್ ತೆರೆದು ಓದಿದಳು. "ಪ್ರೇಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಮಗನೇ. ಎರಡು ಹೃದಯಗಳು ಕೂಡಿದಲ್ಲಿ ದೇವರಿದ್ದಾನೆ. ಹೋಗು, ನಿನ್ನ ಬದುಕನ್ನು ನೀನು ಬದುಕು."

ಅತ್ಯಾ ಮುಖ ಕಿವಿಚಿದಳು. "ಈಕಿ ಯಾರ ಮನೀ ತಾಯಿ? ಎಲೆಕ್ಷನ್‌ಗೆ ನಿಂತಾಳೇನು? ತಾಯಿ ಹಿಂಗ ಭಾಷಣಾ ಬಿಗಿದ್ರ ಮಗಾ ಊಟಾ ಬಿಟ್ಟು ಎದ್ದು ಹೋಗ್ತಾನ."

"ಮತ್ತೆ ಏನು ಹೇಳ್ತಾಳಮ್ಮಾ?"

"ಏನೂ ಹೇಳಂಗಿಲ್ಲ. ಮಾಡ್ತಾಳ."

"ಏನು ಮಾಡ್ತಾಳೆ?"

ಅತ್ಯಾ ಒಳಗೆ ಹೋದಳು. ಒನಕೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಒನಕೆಯ ಕತೆ ಹೇಳಬೇಕು. ಈ ಸಲ ಜ್ಯೇಷ್ಠ ಅಧಿಕ ಮಾಸವಾಗಿ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚುವರಿ ತಿಂಗಳಲ್ಲಿ ನಮ್ಮವರು ಮೂವತ್ಮೂರು ಅನಾರಸ ಕರಿದು, ಕಂಚಿನ ಪಾತ್ರೆಯಲ್ಲಿಟ್ಟು, ಅಳಿಯನನ್ನು ವಿಷ್ಣುವೆಂದು ತಿಳಿದು ದಾನ ಕೊಡುತ್ತಾರೆ. ಅನಾರಸವೆಂದರೆ ನೆನೆಸಿದ ಅಕ್ಕಿಯನ್ನು ಕುಟ್ಟಿ, ಬೆಲ್ಲ ಕಲಸಿ, ಗಸಗಸೆಯ ಮೇಲೆ ತಟ್ಟಿ, ತುಪ್ಪದಲ್ಲಿ ಕರಿಯುವ ಸಿಹಿ. ಕರಿಯುವಾಗ ಸ್ವಲ್ಪ ಯಾಮಾರಿದರೂ ಬಾಣಲೆಯಲ್ಲಿ ಬಿಚ್ಚಿಕೊಂಡು ಪುಡಿಯಾಗುತ್ತದೆ. ಅತ್ಯಾಗೆ ಹೆಣ್ಣುಮಕ್ಕಳಿಲ್ಲ, ಆದ್ದರಿಂದ ಅಳಿಯನಿಲ್ಲ. ಪ್ರತಿ ಅಧಿಕ ಮಾಸದಲ್ಲೂ ಮಠಕ್ಕೆ ಕೊಟ್ಟು ಬರುತ್ತಿದ್ದಳು. ಬರುವಾಗ ದಾರಿಯುದ್ದಕ್ಕೂ ಗೊಣಗುತ್ತಿದ್ದಳು, ಊರಿಗೆಲ್ಲ ಅಳಿಯಂದಿರು, ತನ್ನ ಅನಾರಸ ಮಾತ್ರ ಯಾರೋ ಗೊತ್ತಿಲ್ಲದವರ ಹೊಟ್ಟೆಗೆ ಎಂದು.

ರಜಿನಿ ಬಂದುಹೋದ ಮರುವಾರ ನಾನು ಅಡುಗೆಮನೆಯಲ್ಲಿದ್ದೆ. ಬಸವಪ್ರಸಾದ ಎಂದಿನಂತೆ ಊಟ ಮಾಡಿ ಹೊರಟಿದ್ದ. ಅತ್ಯಾ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಹೊಸ ಬಟ್ಟೆ ಮುಚ್ಚಿದ ಕಂಚಿನ ಪಾತ್ರೆಯನ್ನು ಅವನ ಕೈಗಿಟ್ಟಳು. ತುಟಿಯೊಳಗೇ ಏನೋ ಮಂತ್ರ ಹೇಳಿಕೊಂಡಳು.

"ತೊಗೋ. ಇದು ನಿನಗ," ಎಂದಳು.

"ಏನ್ರೀ ಅಮ್ಮಾರ, ಇಷ್ಟೊಂದು!" ಎಂದು ಅವನು ನಕ್ಕು, ಪಾತ್ರೆಯನ್ನು ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಗದ್ವಾಲದ ದಾರಿ ಹಿಡಿದ.

ಅದರೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಅತ್ಯಾನ ಮುಖ ನೋಡಿದೆ. "ಏನು ನೋಡ್ತಿ? ಒಲಿ ಮ್ಯಾಲೆ ಹಾಲದ ನೋಡು," ಎಂದಳು. ಆ ವಾರವಿಡೀ ಅವಳು ಯಾರನ್ನೂ ಬೈಯಲಿಲ್ಲ. ಅವಳ ಆರೋಗ್ಯ ಸರಿಯಿಲ್ಲವೇನೋ ಎಂದು ಮಾಮಾ ಗಾಬರಿಯಾಗಿ ನನಗೆ ಫೋನ್ ಮಾಡಿದ್ದರು.

ಮುಂದಿನ ರವಿವಾರ ರಜಿನಿ ಮತ್ತೆ ಬಂದಳು. ಹರಿಯನ್ನು ಒಪ್ಪಿಸುವ ಕೊನೆಯ ಪ್ರಯತ್ನ. ಹರಿ ಬಾವಿ ಬೇಕು ಎಂದ, ಅವಳು ಬಾವಿ ಬೇಡ ಎಂದಳು. ಕಾಮಿಡಿಯಲ್ಲಿ ಬಾವಿಗೆ ಹಾರಿದರೂ ಕೊನೆಗೆ ಮೇಲೆ ಬರಬೇಕು ಎನ್ನುವುದು ಅವಳ ವಾದ. ಅಷ್ಟರಲ್ಲಿ ಬಸವಪ್ರಸಾದ ಒಳಗೆ ಬಂದ. ಕೈಯಲ್ಲಿ ಅದೇ ಕಂಚಿನ ಪಾತ್ರೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯುತ್ತಿತ್ತು. ಅದರ ತುಂಬ ಮಾವಿನಹಣ್ಣು.

"ತೊಗೋರಿ ಅಮ್ಮಾರ ನಿಮ್ಮ ಪಾತ್ರಿ. ಬರಿ ಪಾತ್ರಿ ತಿರುಗಿ ಕೊಡಬಾರದು ಅಂತ ನಮ್ಮವ್ವ ಹೇಳ್ಯಾಳ್ರಿ, ಅದಕ್ಕ ಹಣ್ಣು ತಂದೀನಿ."

ಅತ್ಯಾನ ಕೈ ಮುಂದೆ ಬರಲಿಲ್ಲ. "ಅನಾರಸ?" ಎಂದಳು.

"ಭಾಳ ಛಲೋ ಆಗಿದ್ವಂತ್ರಿ! ನಮ್ಮ ನೇಕಾರ ಮಂದಿಗೆಲ್ಲಾ ಹಂಚಿದ್ನಿ. ಮಗ್ಗದ ಮುಂದ ಕುಂತೇ ತಿಂದ್ರು. ನನಗ ಒಂದೂ ಉಳೀಲಿಲ್ಲ ನೋಡ್ರಿ."

ಅತ್ಯಾ ಗೋಡೆ ಹಿಡಿದುಕೊಂಡಳು. "ಒಂದೂ ತಿನ್ನಲಿಲ್ಲ?"

"ಇಲ್ರೀ. ಯಾಕ್ರೀ ಅಮ್ಮಾರ, ತಪ್ಪಾತೇನ್ರೀ?"

ವಾರವಿಡೀ ಕೂಡಿಟ್ಟ ಬೈಗುಳವೆಲ್ಲ ಒಮ್ಮೆಲೇ ಹೊರಗೆ ಬಂತು. "ತಪ್ಪೇನೋ ಅಂತ ಕೇಳ್ತಿ? ಕೊಟ್ಟ ದಾನ ತಿರುಗಿ ತಂದು ನನ್ನ ಮುಂದ ಹಿಡಿದೀಯಲ್ಲೋ! ಬ್ಯಾಸಿಗ್ಯಾಗ ಒಲಿ ಮುಂದ ಕುಂತು ಬೆಂದೀನಿ. ಅಳಿಯಗ ಕೊಟ್ಟ ಪಾತ್ರಿ ಯಾವ ಅಳಿಯಾ ತಿರುಗಿ ತರ್ತಾನೋ?"

ಅತ್ಯಾ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡಳು. ರಜಿನಿ ನನ್ನ ಕಡೆ ಬಾಗಿ "ಅಲ್ಲುಡಾ?" ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು. ಹೌದು, ಅಳಿಯ ಎಂದು ನಾನು ತಲೆಯಾಡಿಸಿದೆ. ಪಾಪ ಬಸವಪ್ರಸಾದ, ಪಾತ್ರೆಯನ್ನು ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಕೆಳಗಿಡಲೂ ಧೈರ್ಯವಿಲ್ಲ. ಮಾವಿನಹಣ್ಣಿನ ಭಾರ ಎದೆಗೆ ಅವಚಿಕೊಂಡು ನಿಂತಿದ್ದ. ಅವನ ಕಣ್ಣು ತುಂಬಿತ್ತು.

ಹರಿ ಎದ್ದು ನಿಂತ. "ಅಮ್ಮಾ, ನಿನಗ..." ಎಂದು ಅಲ್ಲೇ ತಡೆದ.

"ನೀ ಮಾತಾಡಬ್ಯಾಡ," ಎಂದಳು ಅತ್ಯಾ. "ಬಾವಿಗೆ ಹಾರ್ತಾಳ ಅಂತ ಬರದಿ. ಬರಿಯೋ ಮುಂದ ನನ್ನ ಕೇಳಿದ್ಯಾ ಒಂದು ಮಾತು? ಇಷ್ಟು ವರ್ಷ ಅಂವಗ ಉಣ್ಣಾಕ ಬಡಿಸಿದ ಕೈ ಇದು. ಏನು ತಿಳದು ಬಡಿಸ್ತಾಳ ಅಂತ ಒಂದಿನಾ ವಿಚಾರ ಮಾಡಿದ್ಯಾ?"

"ಕೇಳ್ಲಿಕ್ಕೆ ಅಂಜಿಕಿ ಬಂತಮ್ಮಾ," ಎಂದ ಹರಿ.

"ನನಗೂ ಅಂಜಿಕಿ ಬಂತು. ಅದಕ್ಕ ಅಡಗೀಮನಿ ಬಾಗಲದಾಗ ಕದ್ದು ಕೊಟ್ಟೆ. ಕದ್ದು ಕೊಟ್ಟದ್ದಕ್ಕ ಹಿಂಗಾತು. ಅಂವಂದೇನು ತಪ್ಪು?"

ಆಗ ಪತ್ರಿಕೆ ಮಡಿಚುವ ಸದ್ದು ಕೇಳಿಸಿತು. ನಾವೆಲ್ಲ ಮಾಮಾನನ್ನು ಮರೆತೇಬಿಟ್ಟಿದ್ದೆವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಈ ದಾನ ಕಾಯದಾ ಪ್ರಕಾರ ಆಗೇ ಇಲ್ಲ," ಎಂದರು.

ಹರಿ ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷ ಈ ವಿಷಯದಲ್ಲಿ ತುಟಿ ಬಿಚ್ಚದ ಮನುಷ್ಯ ಈಗ ಏನು ಹೇಳುತ್ತಾರೋ ಯಾರಿಗೆ ಗೊತ್ತು!

"ದಾನ ಗಂಡಾ ಹೆಂಡತಿ ಕೂಡಿ ಕೊಡಬೇಕು," ಎಂದರು ಮಾಮಾ. "ಸಂಕಲ್ಪ ಇಲ್ಲ, ನೀರು ಬಿಟ್ಟಿಲ್ಲ, ನನ್ನ ಒಂದು ಮಾತು ಕೇಳಿಲ್ಲ. ಇದು ರದ್ದು." ಪತ್ರಿಕೆಯನ್ನು ಪಕ್ಕಕ್ಕಿಟ್ಟರು. "ಮಾಸ ಇನ್ನೂ ಮುಗದಿಲ್ಲ. ಅಕ್ಕಿ ನೆನಿ ಹಾಕು. ಮತ್ತ ಕೊಡೋಣ."

ಅತ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಕ್ಕಳು ಕೂಡ. ಯಾವುದು ಯಾವಾಗ ಎಂದು ಹೇಳುವುದು ಕಷ್ಟ. ಮಾವಿನಹಣ್ಣನ್ನು ನಾನು ತೆಗೆದುಕೊಂಡೆ, ಬಸವಪ್ರಸಾದನ ತೋಳಾದರೂ ಉಳಿಯಲಿ ಎಂದು.

ಹೊರಡುವಾಗ ರಜಿನಿ ಅತ್ಯಾನ ಕೈ ಹಿಡಿದು ಬೇಡಿಕೊಂಡಳು. "ಅಮ್ಮಾ, ಆ ದಿನ ನಾನು ಕ್ಯಾಮೆರಾ ತರಲಾ? ಚಿಕ್ಕದು. ಯಾರಿಗೂ ಗೊತ್ತಾಗಲ್ಲ."

"ಬ್ಯಾಡ," ಎಂದಳು ಅತ್ಯಾ. "ಮೊದಲು ನಮ್ಮನ್ಯಾಗ ಆಗ್ಲಿ. ಸಿನಿಮಾದಾಗ ಆಮ್ಯಾಲ ನೋಡೋಣ. ಊಟಕ್ಕ ಬಾ, ಬರಿಗೈಲೆ ಬಾ."

ಎರಡನೆಯ ಸಲದ ಅನಾರಸಕ್ಕೆ ಅಕ್ಕಿ ಕುಟ್ಟಿದವಳು ನಾನು, ಗಸಗಸೆ ಸೋಸಿದವನು ಹರಿ. ಅರ್ಧಕ್ಕರ್ಧ ಬಾಣಲೆಯಲ್ಲೇ ಬಿಚ್ಚಿಕೊಂಡವು. ನಮ್ಮಿಬ್ಬರನ್ನೂ ಹೊರಗಟ್ಟಿ ಅತ್ಯಾ ಒಬ್ಬಳೇ ಮತ್ತೆ ಕರಿದಳು. ಬೈಗುಳ ಮತ್ತೆ ಎಂದಿನ ಲೆಕ್ಕಕ್ಕೆ ಬಂದಿತ್ತು, ಮಾಮಾ ನಿರಾಳವಾಗಿದ್ದರು.

ಅವತ್ತು ಬೆಳಿಗ್ಗೆಯೇ ಬಸವಪ್ರಸಾದ ಬಂದ. ಹೊಸ ಪಂಚೆ, ಹಣೆ ತುಂಬ ವಿಭೂತಿ. ದೇವರ ಮನೆಯ ಮುಂದೆ ಅತ್ಯಾ ರಂಗೋಲಿ ಹಾಕಿ ಮಣೆ ಇಟ್ಟಿದ್ದಳು. ಮಾಮಾ ಶಲ್ಯ ಹೊದ್ದು, ನೀರಿನ ತಂಬಿಗೆ ಮುಂದಿಟ್ಟುಕೊಂಡು ಕೂತಿದ್ದರು. ರಜಿನಿ ಮಾತು ಉಳಿಸಿಕೊಂಡು ಬರಿಗೈಯಲ್ಲಿ ಬಂದು ಹೊಸ್ತಿಲ ಹೊರಗೆ ನಿಂತಿದ್ದಳು.

"ಗೋತ್ರ?" ಎಂದರು ಮಾಮಾ, ಅರ್ಜಿ ವಿಚಾರಣೆ ಮಾಡುವ ದನಿಯಲ್ಲಿ.

"ನಂದಿ ಗೋತ್ರ ರೀ," ಎಂದ ಬಸವಪ್ರಸಾದ. "ನಡೀತೈತೇನ್ರೀ?"

ಮಾಮಾ ಒಂದು ಗಳಿಗೆ ಯೋಚಿಸಿದರು. "ಶಿವನ ಬಾಗಲಾ ಕಾಯೋ ನಂದಿ ಇವತ್ತ ವಿಷ್ಣು ಆಗಿ ಕೂಡ್ಲಿ. ಅಧಿಕ ಮಾಸ ಅದ, ಎಲ್ಲಾ ನಡೀತದ."

ನಮ್ಮ ಮಠದ ಆಚಾರ್ಯರು ಕೇಳಿದ್ದರೆ ಏನೆನ್ನುತ್ತಿದ್ದರೋ ನನಗೆ ಗೊತ್ತಿಲ್ಲ. ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಬಸವಪ್ರಸಾದ ಮಣೆಯ ಮೇಲೆ ಕೂತ. ಪಕ್ಕದಲ್ಲಿ ಇನ್ನೊಂದು ಮಣೆ ಖಾಲಿ ಇತ್ತು. ಅದು ಪಾತ್ರೆ ಇಡಲು ಎಂದುಕೊಂಡಿದ್ದೆ ನಾನು. ಹರಿ ಕಂಬಕ್ಕೆ ಒರಗಿ, ಕೈಕಟ್ಟಿ, ಬೇರೆಯವರ ಮನೆಯ ಮದುವೆಗೆ ಬಂದವನಂತೆ ನೋಡುತ್ತಿದ್ದ.

ಅತ್ಯಾ ಅವನ ಕಡೆ ತಿರುಗಿದಳು. "ನೀ ಯಾಕ ನಿಂತಿ?"

"ನಾ ಏನು ಮಾಡ್ಲೆಮ್ಮಾ?"

"ಈ ದಾನ ಒಬ್ಬಗ ಕೊಡಂಗಿಲ್ಲೋ. ಜೋಡಿಗೆ ಕೊಡ್ತಾರ. ಕೂಡು ಬಾ."

ಹರಿ ಬಂದ. ಮಣೆಯ ಮೇಲೆ ಕೂಡುವುದು ಅಷ್ಟು ಕಷ್ಟದ ಕೆಲಸವೆಂದು ಅವತ್ತೇ ನನಗೆ ತಿಳಿದದ್ದು. ಕಾಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮಾಮಾ ಸಂಕಲ್ಪ ಹೇಳಿದರು, ಅತ್ಯಾ ನೀರು ಬಿಟ್ಟಳು. ಪಾತ್ರೆಯನ್ನು ಇಬ್ಬರೂ ಕೂಡಿಯೇ ಕೈಯೊಡ್ಡಿ ತೆಗೆದುಕೊಂಡರು. ಅಷ್ಟು ದಪ್ಪ ಪುಸ್ತಕ ಬರೆದವನು ಎಲ್ಲರೆದುರು ಮಗುವಿನಂತೆ ಅತ್ತ.

"ಕಣ್ಣೀರು ಅನಾರಸದ ಮ್ಯಾಲೆ ಬೀಳಸಬ್ಯಾಡ, ಮೆತ್ತಗಾಗ್ತಾವ," ಎಂದಳು ಅತ್ಯಾ, ತಾನೂ ಅಳುತ್ತಾ.

ಸ್ವಲ್ಪ ಹೊತ್ತಿನ ಮೇಲೆ ಹೊಸ್ತಿಲ ಹೊರಗಿನಿಂದ ರಜಿನಿ ಮೆಲ್ಲಗೆ ಕೇಳಿದಳು: "ಅಮ್ಮಾ, ಇದನ್ನ ಸಿನಿಮಾದಲ್ಲಿ ಇಡಲಾ?"

"ಬರದಾವ ಅಂವ. ಅಂವನ್ನ ಕೇಳು."

ಹರಿ ಮುಖ ಒರೆಸಿಕೊಂಡ. ರಜಿನಿಯ ಕಡೆ ನೋಡಲಿಲ್ಲ, ತಾಯಿಯನ್ನೇ ನೋಡಿ ಹೇಳಿದ. "ಇಡ್ರಿ. ಆ ಪುಸ್ತಕಾ ಬರಿಯೋ ಮುಂದ ನನಗ ನಮ್ಮಮ್ಮ ಗೊತ್ತಿರಲಿಲ್ಲ."

ಅತ್ಯಾ ಏನೂ 'ಡೈಲಾಗ್' ಹೇಳಲಿಲ್ಲ. ಪಾತ್ರೆಯ ಮೇಲಿನ ಬಟ್ಟೆ ಸರಿಸಿ ಒಂದು ಅನಾರಸ ತೆಗೆದು ಬಸವಪ್ರಸಾದನ ಕೈಗಿಟ್ಟಳು. ಅವನು ಅದನ್ನು ಪೂರ್ತಿ ತಿಂದು ಮುಗಿಸುವವರೆಗೆ ಅವನ ಎದುರಿಗೇ ನಿಂತಿದ್ದಳು.